ಬಂದು ಹೋಗುವ ವೈಫೈ: ಹತ್ತು ಅನುಭವದ ಪಾಠಗಳು

ಪೂರ್ತಿ ನಿಂತುಹೋದ ನೆಟ್‌ವರ್ಕ್ ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕೇಬಲ್ ತುಂಡಾಗಿದ್ದರೆ, ಸ್ವಿಚ್ ಸುಟ್ಟಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ನಿಜವಾಗಿ ಸತಾಯಿಸುವುದು "ವೈಫೈ ಬತ್ತದೆ, ಹೋಯ್ತದೆ ಸಾರ್" ಎನ್ನುವ ದೂರು. ನಾವು ಹೋಗಿ ನಿಂತಾಗ ಎಲ್ಲ ಸರಿಯಿರುತ್ತದೆ. ಗೇಟು ದಾಟುವಷ್ಟರಲ್ಲಿ ಮತ್ತೆ ಫೋನ್.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಲೇಜು, ಆಸ್ಪತ್ರೆ, ಕಾರ್ಖಾನೆ, ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹಳ್ಳಿಗಾಡಿನಲ್ಲಿ ವೈಫೈ ದಟ್ಟಣೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಬೆಳ್ಳೂರು ಕ್ರಾಸ್ ಹತ್ತಿರದ ಬಿ.ಜಿ. ನಗರವನ್ನು ನೋಡಿ: ವೈದ್ಯಕೀಯ ಕಾಲೇಜು, ಆಸ್ಪತ್ರೆ, ಎಂಜಿನಿಯರಿಂಗ್ ಕಾಲೇಜು, ಹಾಸ್ಟೆಲುಗಳು ಒಂದರ ಮಗ್ಗುಲಲ್ಲೊಂದು ಇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಪಾಂಡವಪುರದಲ್ಲೂ ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ಅರವತ್ತು ಮಕ್ಕಳ ಒಂದು ತರಗತಿ ಎಂದರೆ ಫೋನು, ಲ್ಯಾಪ್‌ಟಾಪ್ ಸೇರಿ ನೂರಿಪ್ಪತ್ತು ಸಾಧನ. ಅಂಥ ಹತ್ತು ತರಗತಿ ಒಂದೇ ಕಟ್ಟಡದಲ್ಲಿದ್ದರೆ ಅದು ಬೆಂಗಳೂರಿನ ಯಾವ ಐಟಿ ಕಚೇರಿಗೂ ಕಡಿಮೆಯ ದಟ್ಟಣೆಯಲ್ಲ.

ಕೆಳಗೆ ಬರುವ ತೊಂದರೆಗಳು ಬೇರೆ ಬೇರೆ ಕಡೆ ಕಂಡವು. ಯಾವ ಸಂಸ್ಥೆಯದು ಎನ್ನುವುದು ಮುಖ್ಯವಲ್ಲ, ಏಕೆಂದರೆ ಇವು ಎಲ್ಲ ಕಡೆಯೂ ಬರುತ್ತವೆ. ನಾನು ಹೇಳಬೇಕಾದ ಮಾತು ಇಷ್ಟೇ: ಬಂದು ಹೋಗುವ ತೊಂದರೆಗೂ ಒಂದು ಕ್ರಮ ಇದ್ದೇ ಇರುತ್ತದೆ. ಹೊತ್ತು, ಜಾಗ, ಸಾಧನ ಈ ಮೂರನ್ನು ಬರೆದಿಟ್ಟವರಿಗೆ ಆ ಕ್ರಮ ಕಾಣುತ್ತದೆ.

1. ರೀಸ್ಟಾರ್ಟ್ ಮಾಡುವ ಮುಂಚೆ ಬರೆದುಕೊಳ್ಳಿ

ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ ನಿಜ. ಅದರ ಜೊತೆಗೇ ಸಾಕ್ಷಿಯೂ ಅಳಿಸಿಹೋಗುತ್ತದೆ. ಎಷ್ಟೋ ಆಕ್ಸೆಸ್ ಪಾಯಿಂಟುಗಳು, ಅಂದರೆ ನಮ್ಮ ಬಾಯಲ್ಲಿ ಎಪಿಗಳು, ತಮ್ಮ ಲಾಗನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿರುತ್ತವೆ. ಕರೆಂಟು ತೆಗೆದ ಕೂಡಲೇ ಅದು ಹೋಯಿತು. ಲಾಗ್ ಬೇರೆ ಸರ್ವರ್‌ಗೆ ಹೋಗುವಂತೆ ಮೊದಲೇ ಮಾಡಿಡಿ.

ಪ್ರತಿ ವಿಭಾಗದಲ್ಲೂ ಒಂದು ನೋಟ್‌ಬುಕ್ ಇಡಿಸಿ. ಎಷ್ಟು ಗಂಟೆಗೆ ಹೋಯಿತು, ಯಾವ ಕೋಣೆ, ಯಾವ ಫೋನು, ಎಷ್ಟು ಹೊತ್ತು ಇರಲಿಲ್ಲ ಎಂದು ನಾಲ್ಕು ಕಾಲಂ ಸಾಕು. ಕೇಳಬೇಕಾದ ಪ್ರಶ್ನೆಗಳೂ ಎರಡೇ. "ವೈಫೈ ಗುರುತೇ ಮಾಯವಾಯಿತಾ, ಗುರುತು ಇದ್ದೂ ನೆಟ್ ಬರಲಿಲ್ಲವಾ?" "ಅದೇ ಹೊತ್ತಿಗೆ ಪಕ್ಕದವರಿಗೂ ಹೋಯಿತಾ?" ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವವರು ಬಹುಪಾಲು ಲ್ಯಾಬ್ ಅಟೆಂಡರ್, ವಾರ್ಡಿನ ಸಿಸ್ಟರ್, ಕೌಂಟರಿನಲ್ಲಿ ಕೂತವರು. ದಿನವಿಡೀ ಅಲ್ಲೇ ಇರುವವರು ಅವರು.

ಎರಡು ವಾರದ ಪುಟ ತಿರುವಿದರೆ ದಾರಿ ತೋರುತ್ತದೆ. ಊಟದ ಹೊತ್ತಿನಲ್ಲಿ, ಕ್ಯಾಂಟೀನ್ ಪಕ್ಕದಲ್ಲಿ ಮಾತ್ರ ಹೋಗುತ್ತಿದ್ದರೆ ಅಲ್ಲಿನ ಮೈಕ್ರೋವೇವ್ ಓವನ್ ನೋಡಬೇಕು. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಜ್‌ನಲ್ಲಿ, ವೈಫೈಯ 2.4 ಬ್ಯಾಂಡಿನ ನಡುಮಧ್ಯ. ಒಂದೇ ಮಾದರಿಯ ಲ್ಯಾಪ್‌ಟಾಪುಗಳಿಗೆ ಮಾತ್ರ ಹೋಗುತ್ತಿದ್ದರೆ ಎಪಿ ಮುಟ್ಟುವ ಮುಂಚೆ ಅವುಗಳ ಡ್ರೈವರ್ ನೋಡಬೇಕು.

2. ಯಾವ ಹಂತದಲ್ಲಿ ತಪ್ಪಿತು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಫೋನು ವೈಫೈಗೆ ಸೇರಿ ಒಂದು ಪುಟ ತೆರೆಯಬೇಕಾದರೆ ಐದು ಹಂತ ದಾಟಬೇಕು. ಎಪಿಯ ಸಿಗ್ನಲ್ ಕೇಳಿಸಬೇಕು. ಎಪಿ ಸೇರಿಸಿಕೊಳ್ಳಬೇಕು. ಪಾಸ್‌ವರ್ಡ್ ಅಥವಾ ಲಾಗಿನ್ ಒಪ್ಪಿಗೆಯಾಗಬೇಕು. ಐಪಿ ವಿಳಾಸ ಸಿಗಬೇಕು. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಉತ್ತರ ಕೊಡಬೇಕು. ಇವುಗಳಲ್ಲಿ ರೇಡಿಯೋ ಜೊತೆ ನೇರ ಸಂಬಂಧ ಇರುವುದು ಮೊದಲ ಎರಡಕ್ಕೆ. ಆದರೆ ಬಳಸುವವರ ಬಾಯಲ್ಲಿ ಐದಕ್ಕೂ ಒಂದೇ ಹೆಸರು: ವೈಫೈ ಹೋಯ್ತು.

ಎಪಿಗಳನ್ನೆಲ್ಲ ನಿಯಂತ್ರಿಸುವ ಕಂಟ್ರೋಲರ್‌ನ ಲಾಗಿನಲ್ಲಿ ಬರುವ ಸಂಖ್ಯೆಗಳನ್ನು ಓದಲು ಕಲಿಯಿರಿ. ಸೇರಿಸಿಕೊಳ್ಳುವಾಗಿನ ಸ್ಟೇಟಸ್ ಕೋಡ್ 17 ಎಂದರೆ "ಇನ್ನು ಜಾಗವಿಲ್ಲ" ಎಂದು ಎಪಿ ತಿರಸ್ಕರಿಸಿದೆ. ಸಂಪರ್ಕ ಕಡಿದ ಕಾರಣ 15 ಎಂದಿದ್ದರೆ ಕೀ ವಿನಿಮಯದ ನಾಲ್ಕು ಸುತ್ತು ಹೊತ್ತಿಗೆ ಮುಗಿದಿಲ್ಲ. ಪಾಸ್‌ವರ್ಡ್ ತಪ್ಪಿರಬಹುದು, ಇಲ್ಲವೇ ಸಿಗ್ನಲ್ ತೀರಾ ದುರ್ಬಲ. 23 ಎಂದಿದ್ದರೆ ಲಾಗಿನ್ ಸರ್ವರ್ ಕಡೆ ನೋಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಳೆದ ಮೂರು ದಿನದ ವೈರ್‌ಲೆಸ್ ವರದಿ ತೆಗೆಯಲು ಬರುತ್ತದೆ. ಯಾವಾಗ ಸೇರಿತು, ಯಾವಾಗ ಕಡಿಯಿತು, ಯಾಕೆ ಎಂದು ಅದರಲ್ಲೇ ಇರುತ್ತದೆ. ದೂರು ಕೊಟ್ಟವರ ಲ್ಯಾಪ್‌ಟಾಪ್ ಇಸಿದುಕೊಂಡು ಆ ವರದಿ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ.

3. ಐಪಿ ವಿಳಾಸ ಎಷ್ಟಿದೆ, ಎಷ್ಟು ಖರ್ಚಾಗಿದೆ ಎಂದು ಲೆಕ್ಕ ಹಾಕಿ

ಒಂದು ಕಾಲೇಜಿನಲ್ಲಿ ದೂರು ವಿಚಿತ್ರವಾಗಿತ್ತು. ದಿನವೂ ಬರುವವರಿಗೆ ವೈಫೈ ಸಲೀಸು. ರಜೆ ಮುಗಿಸಿ ಬಂದ ಮೇಷ್ಟ್ರಿಗೆ ಮಾತ್ರ ಸಿಗದು. ಅವರ ಆಂಡ್ರಾಯ್ಡ್ ಫೋನು "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ತೋರಿಸಿ ಕೈಬಿಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ವಿಳಾಸ 169.254 ಎಂದು ಶುರುವಾಗುತ್ತಿತ್ತು. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಸಿಗದಾಗ ಲ್ಯಾಪ್‌ಟಾಪು ತಾನೇ ಹಾಕಿಕೊಳ್ಳುವ ವಿಳಾಸ ಅದು.

ಅಲ್ಲಿ ಹಂಚಲು ಇಟ್ಟಿದ್ದ ಪೂಲು 254 ವಿಳಾಸದ್ದು. ವಿಳಾಸದ ಅವಧಿ ವಿಂಡೋಸ್ ಸರ್ವರ್‌ನಲ್ಲಿ ಮೊದಲೇ ಇರುವ ಎಂಟು ದಿನವೇ ಇತ್ತು. ಸೋಮವಾರ ಬಂದು ಹೋದ ಅತಿಥಿಯ ಫೋನು ಮುಂದಿನ ವಾರದವರೆಗೂ ಒಂದು ವಿಳಾಸ ಹಿಡಿದುಕೊಂಡಿರುತ್ತಿತ್ತು. ಕ್ಯಾಂಪಸ್ ಇಂಟರ್‌ವ್ಯೂ ದಿನ ಹೊರಗಿನವರು ಬಂದು ಪೂಲು ತುಂಬಿದ ಮೇಲೆ, ಹಳಬರು ತಮ್ಮ ವಿಳಾಸ ನವೀಕರಿಸಿಕೊಂಡು ಆರಾಮಾಗಿದ್ದರು. ರಜೆಯಲ್ಲಿ ಅವಧಿ ಮುಗಿಸಿಕೊಂಡವರಿಗೆ ಜಾಗ ಇರಲಿಲ್ಲ.

ಇದಕ್ಕೆ ಇನ್ನೊಂದು ಸೇರಿದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದಾಗಿನಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ವಿಳಾಸ ತೋರಿಸುತ್ತವೆ. ವಿದ್ಯಾರ್ಥಿ ವೈಫೈ, ಅತಿಥಿ ವೈಫೈ ಎರಡೂ ಒಂದೇ ಪೂಲಿಗೆ ಸೇರಿದ್ದರೆ ಒಂದೇ ಫೋನು ಎರಡು ಐಪಿ ವಿಳಾಸ ತಿನ್ನುತ್ತದೆ. ಪೂಲನ್ನು 1,022 ವಿಳಾಸಕ್ಕೆ ಹಿಗ್ಗಿಸಿ, ತರಗತಿ ಮತ್ತು ಅತಿಥಿ ವೈಫೈಗೆ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿದರೆ ಈ ತೊಂದರೆ ಮುಗಿಯುತ್ತದೆ. ಪೂಲು ದೊಡ್ಡದು ಮಾಡುವಾಗ ಬ್ರಾಡ್‌ಕಾಸ್ಟ್ ಸಂದೇಶಗಳು ವೈಫೈಗೆ ಹರಿಯದಂತೆ ತಡೆ ಹಾಕುವುದನ್ನು ಮರೆಯಬೇಡಿ.

4. ಸಿಗ್ನಲ್ ಜೊತೆಗೆ ಸಮಯವನ್ನೂ ಅಳೆಯಿರಿ

ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಬೇಸಾಯ ಮಾಡುವವರಿಗೆ ಸರದಿ ನೀರಿನ ಕಷ್ಟ ಗೊತ್ತು. ಮೇಲಿನ ಗದ್ದೆಯವರು ತಮ್ಮ ಸರದಿ ಎಳೆದರೆ ಕೊನೆ ಭಾಗದ ಗದ್ದೆಗೆ ನೀರು ತಲುಪುವುದಿಲ್ಲ, ನಾಲೆ ತುಂಬಿ ಹರಿಯುತ್ತಿದ್ದರೂ. ವೈಫೈ ಚಾನೆಲ್ ಕೂಡ ಸರದಿಯ ವ್ಯವಹಾರ. ಒಂದು ಚಾನೆಲ್ಲಿನಲ್ಲಿ ಒಬ್ಬರು ಮಾತಾಡುವಾಗ ಕೇಳಿಸಿಕೊಳ್ಳುವ ಮಿಕ್ಕವರೆಲ್ಲ ಕಾಯಬೇಕು. ನಿಧಾನವಾಗಿ ಮಾತಾಡುವ ಒಂದು ಸಾಧನ ಎಲ್ಲರ ಹೊತ್ತು ತಿನ್ನುತ್ತದೆ.

ಲೆಕ್ಕ ನೋಡಿ. ಪ್ರತಿ ವೈಫೈ ಹೆಸರಿಗೂ ಎಪಿ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿದ್ದೇನೆ" ಎಂದು ಬೀಕನ್ ಕಳಿಸುತ್ತದೆ. ಪ್ರಿನ್ಸಿಪಾಲರಿಗೊಂದು, ಸಿಬ್ಬಂದಿಗೊಂದು, ವಿದ್ಯಾರ್ಥಿಗಳಿಗೊಂದು, ಅತಿಥಿಗಳಿಗೊಂದು, ಕ್ಯಾಮೆರಾಗಳಿಗೊಂದು ಎಂದು ಐದು ಹೆಸರು ಇಟ್ಟು, ಒಂದೇ ಚಾನೆಲ್ಲಿನಲ್ಲಿ ಪರಸ್ಪರ ಕೇಳಿಸುವ ನಾಲ್ಕು ಎಪಿ ಇದ್ದರೆ ಸೆಕೆಂಡಿಗೆ ಸುಮಾರು 200 ಬೀಕನ್. ಒಂದು ಬೀಕನ್ 250 ಬೈಟ್ ಎಂದಿಟ್ಟುಕೊಂಡರೂ 1 ಎಂಬಿಪಿಎಸ್ ವೇಗದಲ್ಲಿ ಅದಕ್ಕೆ ಎರಡು ಮಿಲಿಸೆಕೆಂಡ್ ಬೇಕು. ಒಟ್ಟು 400 ಮಿಲಿಸೆಕೆಂಡ್. ಅಂದರೆ ಯಾರೂ ಏನೂ ಬಳಸದಿರುವಾಗಲೇ ಚಾನೆಲ್ಲಿನ ನೂರಕ್ಕೆ ನಲವತ್ತು ಪಾಲು ಮುಗಿಯಿತು. ಬೆಲ್ಲು ಹೊಡೆದು ತರಗತಿ ಬದಲಾಗುವಾಗ ನೂರಾರು ಫೋನು ಒಟ್ಟಿಗೆ ಸೇರಲು ಬಂದರೆ ಉಳಿದ ಪಾಲೂ ಸಾಲದು. ಆಗಲೇ "ಹೋಯ್ತದೆ".

ಹೆಸರುಗಳನ್ನು ಮೂರಕ್ಕೆ ಇಳಿಸಿ, ಕನಿಷ್ಠ ವೇಗವನ್ನು 12 ಎಂಬಿಪಿಎಸ್‌ಗೆ ಏರಿಸಿದರೆ ಅದೇ ನಾಲ್ಕು ಎಪಿಗಳ ಬೀಕನ್ ಖರ್ಚು ನೂರಕ್ಕೆ ಎರಡು ಮೂರು ಪಾಲಿಗೆ ಇಳಿಯುತ್ತದೆ. ಏರಿಸುವ ಮುಂಚೆ ಹಳೆಯ ಹಾಜರಾತಿ ಯಂತ್ರ, ಬಾರ್‌ಕೋಡ್ ಸ್ಕ್ಯಾನರ್‌ಗಳು ಆ ವೇಗಕ್ಕೆ ಒಗ್ಗುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಿ.

5. ಎಪಿ ಹೆಚ್ಚಿಸುವ ಮುಂಚೆ ಚಾನೆಲ್, ಪವರ್ ಸರಿಮಾಡಿ

2.4 ಗಿಗಾಹರ್ಟ್ಜ್ ಬ್ಯಾಂಡ್ ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸ್ ಮುಕ್ತವಾಯಿತು. ಅದರಲ್ಲಿ ಒಂದರ ಮೇಲೊಂದು ಬೀಳದೆ ಕೂರುವ ಚಾನೆಲ್ಲುಗಳು ಮೂರೇ: 1, 6, 11. ಯಾರೋ ಜಾಣತನದಿಂದ 3 ಅಥವಾ 9 ಇಟ್ಟರೆ ಎರಡೂ ಕಡೆಯವರಿಗೆ ತೊಂದರೆ. 2018ರ ಅಕ್ಟೋಬರ್ ಅಧಿಸೂಚನೆಯಲ್ಲಿ 5 ಗಿಗಾಹರ್ಟ್ಜ್ ಭಾಗದ ಒಟ್ಟು 605 ಮೆಗಾಹರ್ಟ್ಜ್ ಬಿಡುಗಡೆಯಾಯಿತು. 20 ಮೆಗಾಹರ್ಟ್ಜ್ ಅಗಲ ಇಟ್ಟುಕೊಂಡರೆ ಇಪ್ಪತ್ತಕ್ಕೂ ಹೆಚ್ಚು ಚಾನೆಲ್ ಸಿಗುತ್ತವೆ. ವೇಗದ ಆಸೆಗೆ 80 ಇಟ್ಟರೆ ಆರೇಳಕ್ಕೆ ಇಳಿಯುತ್ತವೆ. ಹಾಸ್ಟೆಲ್, ತರಗತಿಗಳಲ್ಲಿ 20 ಸಾಕು; ಹೆಚ್ಚೆಂದರೆ 40.

ಪವರ್ ವಿಷಯ ಇನ್ನೂ ಮುಖ್ಯ. ಎಪಿಯನ್ನು ಫುಲ್ ಪವರ್‌ನಲ್ಲಿ ಇಟ್ಟರೆ ಅದರ ಮಾತು ದೂರದ ಫೋನಿಗೆ ಕೇಳುತ್ತದೆ; ಫೋನಿನ ಸಣ್ಣ ರೇಡಿಯೋ ಹೇಳುವುದು ಎಪಿಗೆ ಕೇಳುವುದಿಲ್ಲ. "ಫುಲ್ ಕಡ್ಡಿ ಐತೆ, ನೆಟ್ ಇಲ್ಲ" ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎಪಿಯ ಪವರ್ ಫೋನಿನ ಪವರ್‌ಗೆ ಹತ್ತಿರ ಇರಲಿ.

5 ಗಿಗಾಹರ್ಟ್ಜ್‌ನ 52ರಿಂದ 144ರವರೆಗಿನ ಚಾನೆಲ್ಲುಗಳಲ್ಲಿ ರೇಡಾರ್ ಸುಳಿವು ಸಿಕ್ಕರೆ ಎಪಿ ಆ ಜಾಗ ಖಾಲಿ ಮಾಡುತ್ತದೆ. ಹೋಗಿ ಸೇರುವ ಚಾನೆಲ್ಲೂ ಅದೇ ಗುಂಪಿನದಾದರೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡೇ ಆಮೇಲೆ ಮಾತಾಡಬೇಕು. ಲಾಗಿನಲ್ಲಿ ಒಂದೇ ಎಪಿಗೆ ಮತ್ತೆ ಮತ್ತೆ ರೇಡಾರ್ ಎಂದು ಬರುತ್ತಿದ್ದರೆ ಆ ಚಾನೆಲ್ಲನ್ನು ಪಟ್ಟಿಯಿಂದಲೇ ತೆಗೆದುಬಿಡಿ.

6. ಎಪಿ ಬದಲಿಸುವುದು ಫೋನಿನ ತೀರ್ಮಾನ

ಆಸ್ಪತ್ರೆಯಲ್ಲಿ ಸಿಸ್ಟರ್ ಟ್ಯಾಬ್ಲೆಟ್ ಹಿಡಿದು ವಾರ್ಡಿನ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಾರೆ. ತಲೆಯ ಮೇಲೆ ಹೊಸ ಎಪಿ ಇದ್ದರೂ ಟ್ಯಾಬ್ಲೆಟ್ ಹಿಂದಿನ ಎಪಿಯನ್ನೇ ಕಚ್ಚಿಕೊಂಡಿರುತ್ತದೆ. ಯಾವಾಗ ಬಿಡಬೇಕು ಎಂದು ನಿರ್ಧರಿಸುವುದು ಸಾಧನವೇ. ಐಫೋನು ಸಿಗ್ನಲ್ ಮೈನಸ್ 70 ಡಿಬಿಎಂಗಿಂತ ಕೆಳಗಿಳಿದ ಮೇಲಷ್ಟೇ ಬೇರೆ ಎಪಿ ಹುಡುಕಲು ಹೊರಡುತ್ತದೆ. ಬೇರೆ ಫೋನುಗಳ ಮಿತಿ ಬೇರೆ.

ನಾವು ಮಾಡಬಹುದಾದದ್ದು ಮೂರು. ಓಡಾಡುವ ಜಾಗದಲ್ಲೆಲ್ಲ ಮೈನಸ್ 67 ಡಿಬಿಎಂ ಸಿಗುವಂತೆ ಎಪಿ ಕೂರಿಸುವುದು. ಎಪಿಗಳನ್ನು ಉದ್ದನೆಯ ಕಾರಿಡಾರಿನಲ್ಲಿ ಸಾಲಾಗಿ ಹಾಕುವುದು ಬಿಟ್ಟು ಕೋಣೆಯೊಳಗೆ ಹಾಕುವುದು. ಕಾರಿಡಾರಿನಲ್ಲಿ ಇವು ಪರಸ್ಪರ ಕೂಗಾಡುತ್ತವೆ, ಕೋಣೆಯಲ್ಲಿರುವವರಿಗೆ ಮಾತ್ರ ಕೇಳಿಸುವುದಿಲ್ಲ. ಮೂರನೆಯದು, ಬೇಗ ಜಿಗಿಯಲು ನೆರವಾಗುವ 802.11ಕೆ, ವಿ, ಆರ್ ಸೌಲಭ್ಯಗಳನ್ನು ಒಂದು ವಾರ್ಡಿನಲ್ಲಿ ಪರೀಕ್ಷಿಸಿ ಆಮೇಲೆ ಎಲ್ಲ ಕಡೆ ಹಾಕುವುದು. "ಆರ್" ಹಾಕಿದ ಕೂಡಲೇ ಸೇರಲಾರದೆ ಹೊರಗುಳಿಯುವ ಹಳೆಯ ಸಾಧನಗಳಿವೆ.

7. ಕಲ್ಲಿನ ಗೋಡೆಯನ್ನೂ ತೆಂಗಿನ ಗರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಸೈಜುಗಲ್ಲಿನ ಗೋಡೆ ಸಾಮಾನ್ಯ. ಇಂಥ ಗೋಡೆ ದಾಟಿ 5 ಗಿಗಾಹರ್ಟ್ಜ್ ಬರುವುದು ಕಷ್ಟ. ಕಚೇರಿಯ ಉಕ್ಕಿನ ಬೀರುಗಳ ಸಾಲು, ಎಕ್ಸ್‌ರೇ ಕೋಣೆಯ ಸೀಸದ ಹೊದಿಕೆ ಇನ್ನೂ ಬಿಗಿ. ಅಳತೆ ಮಾಡುವುದಾದರೆ ಕೆಲಸದ ದಿನ, ಜನ ತುಂಬಿರುವಾಗ ಮಾಡಿ. ಮನುಷ್ಯರ ಮೈಯೂ ಸಿಗ್ನಲ್ ಹೀರುತ್ತದೆ. ಭಾನುವಾರ ಖಾಲಿ ತರಗತಿಯಲ್ಲಿ ತೆಗೆದ ನಕ್ಷೆ ಸೋಮವಾರದ ಕೆಲಸಕ್ಕೆ ಬಾರದು.

ಎರಡು ಕಟ್ಟಡಗಳ ನಡುವೆ ವೈರ್‌ಲೆಸ್ ಲಿಂಕ್ ಹಾಕಿದ ಕಡೆ ಇನ್ನೊಂದು ನೋಡಬೇಕು. ಒಂದು ಹಾಸ್ಟೆಲಿನ ಲಿಂಕ್ ಬೇಸಿಗೆಯಲ್ಲಿ ಗಟ್ಟಿಯಾಗಿತ್ತು. ಆಷಾಢದ ಗಾಳಿ ಶುರುವಾದ ಮೇಲೆ ಹಾಸ್ಟೆಲ್ ಪೂರ್ತಿ ನೆಟ್ ನಿಮಿಷಕ್ಕೊಮ್ಮೆ ಕಡಿಯುತ್ತಿತ್ತು. ತಾರಸಿ ಹತ್ತಿ ನೋಡಿದರೆ ಎದುರಿನ ಡಿಶ್ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಆದರೆ ಕಣ್ಣಿಗೆ ಕಂಡರೆ ಸಾಲದು. 5.8 ಗಿಗಾಹರ್ಟ್ಜ್‌ನಲ್ಲಿ ಒಂದು ಕಿಲೋಮೀಟರ್ ಲಿಂಕ್ ಎಂದರೆ ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಸುಮಾರು 3.6 ಮೀಟರ್ ತ್ರಿಜ್ಯದ ಜಾಗ ಆ ಸಿಗ್ನಲ್ಲಿಗೆ ಸೇರಿದ್ದು. ಅದರ ನೂರಕ್ಕೆ ಅರವತ್ತು ಪಾಲಾದರೂ ಖಾಲಿ ಇರಬೇಕು. ನಡುವಿನ ತೋಟದ ತೆಂಗಿನ ಗರಿಗಳು ಗಾಳಿಗೆ ಬಾಗಿದಾಗಲೆಲ್ಲ ಆ ಜಾಗಕ್ಕೆ ಬರುತ್ತಿದ್ದವು; ಸೋನೆ ಮಳೆಗೆ ನೆನೆದ ಗರಿ ಇನ್ನಷ್ಟು ಹೀರುತ್ತಿತ್ತು. ಲಿಂಕಿನ ಸಿಗ್ನಲ್ ಗ್ರಾಫನ್ನು ತೆರೆದಿಟ್ಟುಕೊಂಡು ತೋಟ ನೋಡುತ್ತ ನಿಂತರೆ ಗರಿ ಬಾಗುವುದೂ ಗೆರೆ ಇಳಿಯುವುದೂ ಒಟ್ಟೊಟ್ಟಿಗೆ ಕಾಣುತ್ತಿತ್ತು. ಕಂಬ ಎತ್ತರಿಸಿದ ಮೇಲೆ ನಿಂತಿತು. ಮರ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ನೋಡಲೇಬೇಕು. ಆಗುವಂತಿದ್ದರೆ ಫೈಬರ್ ಹಾಕಿಸುವುದೇ ಮೇಲು.

8. ಕೇಬಲನ್ನು ಬ್ಲೇಡಿನಿಂದ ಕೆರೆದು ನೋಡಿ

ಕಂಟ್ರೋಲರ್ ಪಟ್ಟಿಯಲ್ಲಿ ಪ್ರತಿ ಎಪಿ ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂಬ ಕಾಲಂ ಇರುತ್ತದೆ. ಎಲ್ಲವೂ ಮೂವತ್ತು ದಿನ ಎನ್ನುವಾಗ ಒಂದು ಮಾತ್ರ ನಲವತ್ತು ನಿಮಿಷ ಎಂದರೆ ಅದು ರೀಬೂಟ್ ಆಗಿದೆ. ಅಂಥದ್ದರ ಕೇಬಲ್ ನೋಡಿ.

ಎಪಿಗೆ ಕರೆಂಟು ಬರುವುದೂ ನೆಟ್‌ವರ್ಕ್ ಕೇಬಲ್ಲಿನಲ್ಲೇ. 802.3ಎಎಫ್ ಪ್ರಕಾರ ಸ್ವಿಚ್ ಪೋರ್ಟಿನಲ್ಲಿ 15.4 ವಾಟ್, ಎಟಿ ಪ್ರಕಾರ 30 ವಾಟ್. 24 ಪೋರ್ಟಿನ ಸ್ವಿಚ್ಚಿಗೆ ಒಟ್ಟು 370 ವಾಟ್ ಇದ್ದರೆ ಎಲ್ಲ ಪೋರ್ಟಿಗೂ 30 ಸಿಗದು. ಹಳೆಯ ಎಪಿ ತೆಗೆದು ಹೊಸ ಮಾದರಿ ಹಾಕುವಾಗ ಈ ಲೆಕ್ಕ ತಪ್ಪುತ್ತದೆ. ಕೇಬಲ್ ವಿಷಯ ಇನ್ನೂ ಸೂಕ್ಷ್ಮ. ಅಗ್ಗಕ್ಕೆ ಸಿಗುವ ಕೆಲವು ಕೇಬಲ್ಲುಗಳ ತಂತಿ ಅಲ್ಯೂಮಿನಿಯಂ. ಮೇಲೆ ತಾಮ್ರದ ಲೇಪ ಮಾತ್ರ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದರ ರೋಧ ಹೆಚ್ಚು. ಎಪಿ ಸುಮ್ಮನಿದ್ದಾಗ ನಡೆಯುತ್ತದೆ. ತರಗತಿ ತುಂಬಿ ಎರಡೂ ರೇಡಿಯೋ ಜೋರಾಗಿ ದುಡಿಯುವಾಗ ವೋಲ್ಟೇಜ್ ಕುಸಿದು ರೀಬೂಟ್ ಆಗುತ್ತದೆ. ಬಳಸುವವರಿಗೆ ಅದು "ಜನ ಜಾಸ್ತಿಯಾದ್ರೆ ಹೋಯ್ತದೆ" ಎಂದು ಕಾಣುತ್ತದೆ.

ಕರೆಂಟು ಹೋಗಿ ಜನರೇಟರ್ ಹಿಡಿಯುವ ನಡುವಿನ ಕೆಲವು ಸೆಕೆಂಡಿಗೂ ಬೆಲೆ ಇದೆ. ಸರ್ವರ್ ಕೋಣೆಗೆ ಯುಪಿಎಸ್ ಇದ್ದು ಮಹಡಿಯ ಸ್ವಿಚ್ಚಿಗೆ ಇಲ್ಲದಿದ್ದರೆ ಸ್ವಿಚ್ ಎದ್ದು, ಎಪಿ ಎದ್ದು, ಕಂಟ್ರೋಲರ್ ಸೇರುವಷ್ಟರಲ್ಲಿ ನಿಮಿಷಗಳೇ ಕಳೆಯುತ್ತವೆ.

9. ಎರಡು ಸರ್ವರ್ ಇದ್ದರೆ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ

ಒಮ್ಮೆ ಲಾಗಿನ್ ಆಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ, ಏನೂ ಬದಲಾಗಿಲ್ಲ ಎನ್ನುವ ದೂರಿದ್ದರೆ ಲಾಗಿನ್ ಪರೀಕ್ಷಿಸುವ ರೇಡಿಯಸ್ ಸರ್ವರ್‌ಗಳು ಎಷ್ಟಿವೆ ಎಂದು ಕೇಳಿ. ಎರಡಿದ್ದು, ಕೆಲಸ ಎರಡಕ್ಕೂ ಹಂಚಿಹೋಗುತ್ತಿದ್ದು, ಒಂದರ ಗುಪ್ತ ಕೀ ತಪ್ಪಿದ್ದರೆ ಅದರ ಪಾಲಿಗೆ ಬಂದವರೆಲ್ಲ ಹೊರಗೆ. ಡಿಎನ್‌ಎಸ್ ವಿಷಯವೂ ಇದೇ.

ಸರ್ಟಿಫಿಕೇಟ್ ಮುಗಿಯುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಸರ್ವರ್‌ಗಳ ಗಡಿಯಾರ ಸರಿಯಿದೆಯೇ ನೋಡಿ. ಗಡಿಯಾರ ಹಿಂದೆ ಮುಂದೆ ಆದರೆ ಸರಿಯಾದ ಸರ್ಟಿಫಿಕೇಟೂ ಅವಧಿಯಲ್ಲಿ ಇಲ್ಲದಂತೆ ಕಾಣುತ್ತದೆ. ಒಬ್ಬರಿಗೆ ಮಾತ್ರ ಅಕೌಂಟ್ ಲಾಕ್ ಆಗುತ್ತಿದ್ದರೆ ಹಳೆಯ ಪಾಸ್‌ವರ್ಡ್ ಉಳಿಸಿಕೊಂಡ ಇನ್ನೊಂದು ಫೋನು ಅವರ ಡ್ರಾಯರ್‌ನಲ್ಲೋ ಮನೆ ಮಕ್ಕಳ ಕೈಯಲ್ಲೋ ಇರುತ್ತದೆ.

10. ಒಂದು ಸಲಕ್ಕೆ ಒಂದೇ ಬದಲಾವಣೆ

ಚಾನೆಲ್, ಪವರ್, ಫರ್ಮ್‌ವೇರ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಒಂದನ್ನು ಬದಲಿಸಿ, ದಿನಾಂಕ ಬರೆದು, ಒಂದು ವಾರ ನೋಟ್‌ಬುಕ್ ನೋಡಿ. ದೂರು ಕಡಿಮೆಯಾದರೆ ಉಳಿಸಿಕೊಳ್ಳಿ, ಇಲ್ಲವಾದರೆ ಹಿಂದಿನಂತೆ ಮಾಡಿ. ಬಂದು ಹೋಗುವ ತೊಂದರೆ ತಾನಾಗಿಯೂ ಎರಡು ದಿನ ಸುಮ್ಮನಿರುತ್ತದೆ, ಹಾಗಾಗಿ ಮರುದಿನವೇ ಗೆದ್ದೆವು ಎನ್ನಬೇಡಿ.

ಕೊನೆಗೆ ಸಂಸ್ಥೆ ನಡೆಸುವವರಲ್ಲಿ ಒಂದು ವಿನಂತಿ. ವೈಫೈ ಸರಿಯಿಲ್ಲ ಎಂದ ಕೂಡಲೇ ಹೊಸ ಎಪಿಗಳಿಗೆ ಕೊಟೇಷನ್ ತರಿಸಬೇಡಿ. ಮೊದಲ ಹಣ ಒಳ್ಳೆಯ ತಾಮ್ರದ ಕೇಬಲ್ಲಿಗೆ, ಮಹಡಿಯ ಸ್ವಿಚ್ಚುಗಳ ಯುಪಿಎಸ್‌ಗೆ, ಲಾಗ್ ಇಡುವ ಒಂದು ಸಣ್ಣ ಸರ್ವರ್‌ಗೆ ಹೋಗಲಿ. ಅದರ ಜೊತೆಗೆ ನಿಮ್ಮದೇ ಊರಿನ ಡಿಪ್ಲೊಮಾ ಅಥವಾ ಐಟಿಐ ಓದಿದ ಒಬ್ಬರನ್ನು ನೇಮಿಸಿ, ಲಾಗ್ ಓದುವುದನ್ನು ಕಲಿಸಿ. ಆನ್‌ಲೈನ್ ಪರೀಕ್ಷೆ ಬರೆಯುವ ಹುಡುಗಿಗೆ, ರೋಗಿಯ ವರದಿ ತೆರೆಯುವ ಸಿಸ್ಟರ್‌ಗೆ, ತೂಕದ ಚೀಟಿಗೆ ಕಾದಿರುವ ಕಬ್ಬಿನ ರೈತನಿಗೆ ನೆಟ್ ಇಲ್ಲದ ಐದು ನಿಮಿಷವೂ ಸಣ್ಣದಲ್ಲ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಎಂಜಿನಿಯರ್ ಬಂದು ಇಳಿಯುವ ಹೊತ್ತಿಗೆ ತೊಂದರೆ ಮಾಯವಾಗಿರುತ್ತದೆ. ಅದು ಬಂದ ಹೊತ್ತಿನಲ್ಲಿ ಅಲ್ಲೇ ಇರುವವರಿಗೇ ಅದನ್ನು ಹಿಡಿಯಲು ಸಾಧ್ಯ.